ಚಂದ್ರನಲ್ಲಿರುವ ಹೆಣ್ಣು ಕಳ್ಳಿಯೇ, ಪತಿವ್ರತೆಯೇ?

ಮನೆಮಂದಿಯೆಲ್ಲ ಒಂದೆಡೆ ಸೇರುವ ಹಬ್ಬದಂದು, ಮನೆ ಬಿಟ್ಟು ಹೋದ ಹೆಣ್ಣೊಬ್ಬಳ ಕಥೆಯನ್ನು ಯಾಕೆ ಹೇಳುತ್ತಾರೆ? ಚೀನೀಯರ ಚಂದ್ರನ ಹಬ್ಬದ ಬಗ್ಗೆ ಓದುವಾಗ ಏಳುವ ಪ್ರಶ್ನೆ ಇದು.

ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಯಂದು ಈ ಹಬ್ಬ. ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್ ಆರಂಭದಲ್ಲೋ ಬರುತ್ತದೆ. ಬೆಳೆ ಮನೆ ಸೇರುವ ಕಾಲ. ತಾಂಗ್ ಅರಸರ ಕಾಲದಲ್ಲಿ ಚಂದ್ರನನ್ನು ನೋಡುತ್ತಾ ಕವಿತೆ ಕಟ್ಟುವ ರೂಢಿಯಿತ್ತು. ಸಾಂಗ್ ಅರಸರ ಕಾಲಕ್ಕೆ ಅದು ಎಲ್ಲರ ಹಬ್ಬವಾಯಿತು. 2008ರಿಂದ ಅಂದು ಚೀನಾದಲ್ಲಿ ಸರಕಾರಿ ರಜೆ. ದೂರದೂರುಗಳಲ್ಲಿ ದುಡಿಯುವವರು ಊರಿಗೆ ಬರುತ್ತಾರೆ, ದುಂಡಗಿನ ಮೂನ್‌ಕೇಕ್ ಕತ್ತರಿಸಿ ಹಂಚಿಕೊಳ್ಳುತ್ತಾರೆ. ದಕ್ಷಿಣ ಚೀನಾದ ಕೇಕಿನೊಳಗೆ ತಾವರೆ ಬೀಜದ ಹೂರಣ, ಅದರ ನಡುವೆ ಉಪ್ಪಿನಲ್ಲಿಟ್ಟ ಮೊಟ್ಟೆಯ ಹಳದಿ. ಕುಟುಂಬ ಒಂದುಗೂಡುವುದಕ್ಕೆ ಚೀನೀ ಭಾಷೆಯಲ್ಲಿರುವ ಪದದೊಳಗೇ 'ದುಂಡು' ಎಂಬ ಅರ್ಥವಿದೆ. ಹಳೆಯ ಪಾಕದಲ್ಲಿ ಹಂದಿಯ ಕೊಬ್ಬು ಬಳಸುತ್ತಾರೆ. ಆದರೆ ಬೀಜಿಂಗಿನ ಪುರಾತನ ಮಸೀದಿಯಿರುವ ನ್ಯುಜಿಯೆ ಬೀದಿಯಲ್ಲಿ ಹುಯಿ ಮುಸ್ಲಿಮರ ಹಲಾಲ್ ಮೂನ್‌ಕೇಕ್‌ಗಳೂ ಮಾರಾಟವಾಗುತ್ತವೆ. ಚಂದ್ರನ ಪೂಜೆ ಬೇರೆ, ಹಂಚಿ ತಿನ್ನುವುದು ಬೇರೆ ಎಂಬ ವಿವೇಕ ಅವರದು.

ಇನ್ನು ಕಥೆಗೆ ಬರೋಣ. ಅದರ ಹಳೆಯ ರೂಪಗಳಲ್ಲೊಂದು ಕ್ರಿಸ್ತಪೂರ್ವ ಎರಡನೇ ಶತಮಾನದ 'ಹ್ವಾಯ್‌ನಾನ್‌ಜ಼ಿ' ಎಂಬ ಗ್ರಂಥದಲ್ಲಿದೆ. ಅಲ್ಲಿರುವುದು ಬಹಳ ಚಿಕ್ಕದು: ಹೌ ಯಿ ಎಂಬ ಬಿಲ್ಲುಗಾರ ಪಶ್ಚಿಮದ ರಾಣಿಮಾತೆಯಿಂದ ಸಾವಿಲ್ಲದಂತೆ ಮಾಡುವ ಮದ್ದು ತಂದ. ಚಾಂಗ್‌ಎ ಅದನ್ನು ಕದ್ದು ಚಂದ್ರನಿಗೆ ಓಡಿದಳು. ಆತ ಕಂಗೆಟ್ಟು ಕೂತ. ಅಷ್ಟೇ. ಯಾಕೆ ಕದ್ದಳು ಎಂದು ಗ್ರಂಥ ಹೇಳುವುದಿಲ್ಲ. ಖಗೋಳ ವಿಜ್ಞಾನಿ ಝಾಂಗ್ ಹೆಂಗ್‌ನ ಹೆಸರಿನಲ್ಲಿರುವ ಇನ್ನೊಂದು ಪಾಠದಲ್ಲಿ ಆಕೆ ಚಂದ್ರನಲ್ಲಿ ಕಪ್ಪೆಯಾಗುತ್ತಾಳೆ. ಅವಳಿಗೆ ಜೊತೆಯಾಗಿ ಮದ್ದು ಕುಟ್ಟುವ ಮೊಲವೊಂದು ಅಲ್ಲಿದೆಯೆನ್ನುತ್ತಾರೆ. (ಚಂದ್ರನನ್ನು ಶಶಾಂಕನೆಂದು ಕರೆಯುವ ನಮಗೆ ಈ ಮೊಲ ಹೊಸತೇನಲ್ಲ.)

ಈಗ ಮಕ್ಕಳಿಗೆ ಸಾಮಾನ್ಯವಾಗಿ ಹೇಳುವ ಕಥೆಯೇ ಬೇರೆ. ಗಂಡ ಮನೆಯಲ್ಲಿಲ್ಲದಾಗ ಅವನ ದುಷ್ಟ ಶಿಷ್ಯ ಮದ್ದಿಗಾಗಿ ನುಗ್ಗುತ್ತಾನೆ. ಅದು ಅವನ ಕೈಸೇರದಿರಲೆಂದು ಚಾಂಗ್‌ಎ ತಾನೇ ನುಂಗುತ್ತಾಳೆ. ಗಂಡನಿಗೆ ಹತ್ತಿರವಿರಲೆಂದು ಭೂಮಿಗೆ ಸಮೀಪದ ಚಂದ್ರನಲ್ಲಿ ನೆಲೆಸುತ್ತಾಳೆ. ಮತ್ತೊಂದು ಪಾಠದಲ್ಲಿ ಹೌ ಯಿ ಕ್ರೂರ ದೊರೆ. ಅವನು ಚಿರಂಜೀವಿಯಾದರೆ ಪ್ರಜೆಗಳ ಗತಿಯೇನೆಂದು ಆಕೆ ಕದಿಯುತ್ತಾಳೆ. 2020ರ 'ಓವರ್ ದಿ ಮೂನ್' ಎಂಬ ಕಾರ್ಟೂನ್ ಚಿತ್ರದಲ್ಲಂತೂ ಆಕೆ ಅಗಲಿದ ಇನಿಯನಿಗಾಗಿ ಹಂಬಲಿಸುವ ಪಾಪ್ ಗಾಯಕಿ. ಚೀನಾ ತನ್ನ ಚಂದ್ರನೌಕೆಗಳಿಗೂ ಅವಳ ಹೆಸರನ್ನೇ ಇಟ್ಟಿದೆ. 2024ರಲ್ಲಿ ಚಾಂಗ್‌ಎ-6 ಚಂದ್ರನ ಆಚೆ ಬದಿಯ ಮಣ್ಣು ತಂದಿತು. ಆ ಹೆಸರಿಗೆ ಕಳ್ಳತನದ ವಾಸನೆಯೂ ಉಳಿದಿಲ್ಲ.

ಕಾಲಕ್ಕೆ ತಕ್ಕಂತೆ ಕಥೆಗಳು ಬದಲಾಗುವುದು ಸಹಜ. ಆದರೆ ಈ ಬದಲಾವಣೆ ಯಾವ ದಿಕ್ಕಿನದು? ಒಂದರಲ್ಲಿ ಗಂಡನಿಗಾಗಿ, ಇನ್ನೊಂದರಲ್ಲಿ ಪ್ರಜೆಗಳಿಗಾಗಿ ಆಕೆ ಮದ್ದು ಕುಡಿಯುತ್ತಾಳೆ. ತನಗಾಗಿ ಕುಡಿದಳೆಂದರೆ ಮಾತ್ರ ಹಬ್ಬಕ್ಕೆ ಹೊಂದುವುದಿಲ್ಲ. ಹಳೆಯ ಗ್ರಂಥ ಆಕೆಯನ್ನು ಹೊಗಳಲಿಲ್ಲ, ನಿಜ. ಆದರೆ ಆಕೆಗೂ ಒಂದು ಆಸೆಯಿತ್ತೆಂಬುದನ್ನು ಅಳಿಸಲಿಲ್ಲ. ಹೊಸ ಕಥೆ ಮರ್ಯಾದೆ ಕೊಟ್ಟು ಆಸೆಯನ್ನು ಕಿತ್ತುಕೊಂಡಿದೆ. ಗಂಡಸರು ಚಂದ್ರನನ್ನು ಪೂಜಿಸಬಾರದು, ಹೆಂಗಸರು ಒಲೆಯ ದೇವರಿಗೆ ಎಡೆಯಿಡಬಾರದು ಎಂಬುದು ಅಲ್ಲಿನ ಹಳೆಯ ಕಟ್ಟಳೆ. ಅಂದರೆ ಹುಣ್ಣಿಮೆಯ ರಾತ್ರಿ ಅಂಗಳದಲ್ಲಿ ಹಣ್ಣು, ಕೇಕು ಇಟ್ಟು ಮುಂದೆ ನಿಲ್ಲುತ್ತಿದ್ದವರು ಹೆಂಗಸರು. ಅವರು ಆ ಓಡಿಹೋದವಳನ್ನು ಬರೀ ಕಳ್ಳಿಯೆಂದೇ ಕಂಡಿರಲಾರರು ಎಂದು ನನಗನ್ನಿಸುತ್ತದೆ.

ಆಕೆ ಯಾಕೆ ಹೋದಳೆಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಲು ಷುನ್. 1926ರಲ್ಲಿ ಅವರು ಬರೆದ 'ಚಂದ್ರನತ್ತ ಪಲಾಯನ' ಎಂಬ ಕಥೆಯಲ್ಲಿ ಹೌ ಯಿ ಹಳೆಯ ಕೀರ್ತಿಯಲ್ಲಿ ಬದುಕುವ ಬೇಟೆಗಾರ. ದೊಡ್ಡ ಪ್ರಾಣಿಗಳನ್ನೆಲ್ಲ ಹೊಡೆದು ಮುಗಿಸಿದ್ದಾನೆ, ಈಗ ಸಿಗುವುದು ಕಾಗೆ ಮಾತ್ರ. ಹೆಂಡತಿಗೆ ದಿನವೂ ಕಾಗೆ ಮಾಂಸದ ನೂಡಲ್ಸ್. ಆಕೆಗೆ ಅದು ಸಾಕಾಗಿದೆ. ಕಥೆಗಾರರ ಅನುಕಂಪ ಹೆಚ್ಚಾಗಿ ಗಂಡನ ಕಡೆಗೇ ಇದೆ, ಹೆಂಡತಿ ಸಿಡುಕಿಯಾಗಿಯೇ ಕಾಣುತ್ತಾಳೆ. ಅದು ಕಥೆಯ ಮಿತಿ. ಆದರೂ ಆ ಮನೆಯಲ್ಲಿ ಆಕೆ ದಿನಾ ಏನು ತಿನ್ನುತ್ತಿದ್ದಳು ಎಂದು ಕೇಳುವ ಸೌಜನ್ಯ ಅವರಿಗಿತ್ತು. ಆಕೆ ಮದ್ದು ನುಂಗಿ ಹೊರಟುಹೋದದ್ದು ತಿಳಿದಾಗ ಹೌ ಯಿ ಸಿಟ್ಟಿನಿಂದ ಚಂದ್ರನಿಗೇ ಮೂರು ಬಾಣ ಬಿಡುತ್ತಾನೆ. ಚಂದ್ರ ಬೀಳುವುದಿಲ್ಲ. ಕೊನೆಗೆ ಊಟ ತಯಾರಿಸಲು ಕೆಲಸದವರಿಗೆ ಹೇಳುತ್ತಾನೆ. ಉಂಡು, ಮಲಗಿ, ನಾಳೆ ಇನ್ನೊಂದು ಮದ್ದು ತಂದು ಅವಳ ಹಿಂದೆ ಹೋಗುವುದು ಅವನ ಆಲೋಚನೆ.