‘ಅವಂಕ್ಯುಲರ್’ ಪದ ಮತ್ತು ಸೋದರಮಾವನ ವಾತ್ಸಲ್ಯ

ಹಿರಿಯನೊಬ್ಬ ಕಿರಿಯರಲ್ಲಿ ತೋರುವ ಸಲಿಗೆ ಬೆರೆತ ಅಕ್ಕರೆಯನ್ನು ಇಂಗ್ಲಿಷಿನಲ್ಲಿ ‘ಅವಂಕ್ಯುಲರ್’ ಎಂಬ ವಿಶೇಷಣ ಸೂಚಿಸುತ್ತದೆ. ಇದನ್ನು ಕನ್ನಡದಲ್ಲಿ ‘ಚಿಕ್ಕಪ್ಪನಂಥ’ ಎಂದರೆ ಪದದ ಬೇರೇ ಕಡಿದುಹೋಗುತ್ತದೆ. ಇದರ ಮೂಲವಾದ ಲ್ಯಾಟಿನ್ನಿನ ‘ಅವುಂಕುಲುಸ್’ ಎಂದರೆ ತಾಯಿಯ ಸಹೋದರ. ಅಜ್ಜ ಎಂಬರ್ಥದ ‘ಅವುಸ್’ ಶಬ್ದದ ಅಲ್ಪಾರ್ಥಕ ರೂಪವಾದ್ದರಿಂದ ಅಕ್ಷರಶಃ ಆತ ‘ಪುಟ್ಟ ಅಜ್ಜ’. ತಂದೆಯ ಸಹೋದರನಿಗೆ ‘ಪತ್ರುಉಸ್’ ಎಂಬ ಬೇರೆಯೇ ಪದವಿತ್ತು. ಸಿಸೆರೊ, ಹೊರೇಸರ ಬರಹಗಳಲ್ಲಿ ಅದು ಗದರಿ ತಿದ್ದುವ ನಿಷ್ಠುರ ಹಿರಿಯನಿಗೆ ಪರ್ಯಾಯವಾಗಿ ಬಂದಿದೆ. ಅಕ್ಕರೆ ತಾಯಿಯ ಕಡೆಗೆ, ಶಿಸ್ತು ತಂದೆಯ ಕಡೆಗೆ ಎಂಬ ಹಂಚಿಕೆ ಇಲ್ಲಿ ಸ್ಪಷ್ಟ. ಹಳೆಯ ಇಂಗ್ಲಿಷಿನಲ್ಲಿಯೂ ಇಬ್ಬರಿಗೂ ಬೇರೆ ಬೇರೆ ಪದಗಳಿದ್ದವು. ಫ್ರೆಂಚಿನ ಮೂಲಕ ಬಂದ ‘ಅಂಕಲ್’ ಎರಡನ್ನೂ ನುಂಗಿತು. ಇಂದು ಕನ್ನಡದ ನಗರಗಳಲ್ಲಿ ನೆರೆಮನೆಯವರೂ ಅಂಗಡಿಯವರೂ ‘ಅಂಕಲ್’ ಆಗಿರುವುದು ಆ ನುಂಗುವಿಕೆಯ ಮುಂದುವರಿಕೆಯೇ.

ಕನ್ನಡದ ಬಂಧುವಾಚಕಗಳು ಈ ಭೇದವನ್ನು ಬಿಟ್ಟುಕೊಟ್ಟಿಲ್ಲ. ತಾಯಿ ತುತ್ತು ಉಣಿಸುತ್ತ ತೋರಿಸುವ ಚಂದ್ರ ‘ಚಂದಮಾಮ’, ಚಿಕ್ಕಪ್ಪನಲ್ಲ. ಹಾಗೆಂದು ‘ಸೋದರಮಾವನಂಥ’ ಎಂದು ಬರೆದರೆ ತೊಡಕು ತೀರುವುದೂ ಇಲ್ಲ. ‘ಮಾವ’ ಎಂದರೆ ತಾಯಿಯ ಸಹೋದರ, ಗಂಡನ ಅಥವಾ ಹೆಂಡತಿಯ ತಂದೆಯೂ ಹೌದು. ಸೋದರಿಕೆಯ ಮದುವೆ ರೂಢಿಯಲ್ಲಿರುವ ಸಮುದಾಯಗಳಲ್ಲಿ ಇಬ್ಬರೂ ಒಬ್ಬನೇ ಆಗಬಹುದು. ಅಕ್ಕನ ಮಗಳನ್ನು ವರಿಸುವ ಪದ್ಧತಿಯಿರುವಲ್ಲಿ ಮಾವನೇ ವರ. 1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷೇಧಿಸಿದರೂ ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿದೆ. ಸೋದರಳಿಯನಿಗೆ ಬರಿಯ ಮುದ್ದಾಗಿ ಸಿಗುವ ವಾತ್ಸಲ್ಯ ಸೋದರ ಸೊಸೆಗೆ ಹಕ್ಕೊಂದರ ನೆರಳಿನಲ್ಲಿ ಸಿಗುತ್ತದೆ. ಈ ಪದದ ಚರ್ಚೆಗಳಲ್ಲಿ ಹೆಣ್ಣುಮಗುವಿನ ಈ ಅನುಭವಕ್ಕೆ ಸಿಕ್ಕಿರುವ ಗಮನ ತೀರ ಕಡಿಮೆ.

ತುಳುನಾಡಿನ ಅಳಿಯಸಂತಾನದಲ್ಲಿ ಚಿತ್ರ ಇನ್ನೂ ಬೇರೆ. ಅಲ್ಲಿ ಆಸ್ತಿ ತಾಯಿಯ ಕವಲಿನದು. ಮನೆಯ ಯಜಮಾನಿಕೆ ಸಾಮಾನ್ಯವಾಗಿ ಮಾವನ ಕೈಯಲ್ಲಿ. ತಂದೆಗೆ ಅಧಿಕಾರವಿರುವಲ್ಲಿ ಮಾವ ಮೃದು ಎಂದು ರ್‍ಯಾಡ್‌ಕ್ಲಿಫ್-ಬ್ರೌನ್ 1924ರ ಪ್ರಬಂಧದಲ್ಲಿ ವಾದಿಸಿದ್ದರು. ಆ ವಾದವನ್ನು ತಿರುಗಿಸಿ ಹಿಡಿದರೆ, ಅಧಿಕಾರ ಮಾವನದಾದಲ್ಲಿ ಮೃದುತ್ವ ತಂದೆಗೆ ಜಾರಬೇಕು. ಅಂದರೆ ಕರುಣೆ ಸಂಬಂಧದ ಹುಟ್ಟುಗುಣವಲ್ಲ, ಯಜಮಾನಿಕೆ ಇಲ್ಲದವನಿಗೆ ದಕ್ಕುವ ಸವಲತ್ತು.

‘ಶಕುನಿ ಮಾಮ’ ಎಂಬ ಬೈಗುಳವನ್ನೂ ಈ ಬೆಳಕಿನಲ್ಲಿ ನೋಡಬೇಕು. ಕಂಸ ಸೋದರಿಯ ಮಕ್ಕಳನ್ನು ಕೊಂದ ಮಾವ. ಅವನ ಕ್ರೌರ್ಯ ನೇರವಾದದ್ದು. ಶಕುನಿಯಾದರೋ ಅಳಿಯನ ಆಸೆಗಾಗಿ ದಾಳ ಉರುಳಿಸಿದವನು. ದುರ್ಯೋಧನನನ್ನು ಕೆಡಿಸಿದ್ದು ಮಾವನ ದ್ವೇಷವಲ್ಲ, ಸಲಿಗೆ.