ಎತ್ತು ಏರಿಗೆ, ಕೋಣ ನೀರಿಗೆ

ಹೋಂ ಥಿಯೇಟರಿಗೆ ಯಾವ ಡಿಸ್ಕ್ ಪ್ಲೇಯರ್ ಕೊಳ್ಳಲಿ ಎಂದು ಬಲ್ಲವರನ್ನು ಕೇಳಿದರೆ ಸೋನಿಯ ಯುಬಿಪಿ-ಎಕ್ಸ್700 ಹೆಸರು ಬಾರದೆ ಇರುವುದಿಲ್ಲ. 2018ರಲ್ಲಿ ಬಂದ ಯಂತ್ರವೊಂದು ಇಷ್ಟು ವರ್ಷ ಹೆಸರು ಉಳಿಸಿಕೊಂಡಿದೆ ಎಂದರೆ ಸಣ್ಣ ಮಾತಲ್ಲ. ಹೊಗಳಿಕೆಯೂ ಈಗ ಬಾಯಿಪಾಠವಾಗಿಬಿಟ್ಟಿದೆ: 4ಕೆ ಡಿಸ್ಕ್ ಓದುತ್ತದೆ, ಡಾಲ್ಬಿ ವಿಷನ್ ಇದೆ, ಎಸ್‌ಎಸಿಡಿಯೂ ಹಾಡುತ್ತದೆ, ಎಚ್‌ಡಿಎಂಐ ಕಿಂಡಿಗಳು ಎರಡಿವೆ, ಸಾಲದ್ದಕ್ಕೆ ನೆಟ್‌ಫ್ಲಿಕ್ಸು, ಯೂಟ್ಯೂಬು ಒಳಗೇ ಕೂತಿವೆ. ಒಂದೇ ಡಬ್ಬಿಯಲ್ಲಿ ಎರಡೂ!

ನನ್ನ ತಕರಾರು ಆ ‘ಎರಡೂ’ ಎಂಬ ಮಾತಿನ ಮೇಲೆ. ಎರಡು ಕೆಲಸ ಮಾಡುವ ಯಂತ್ರ ಒಂದೂವರೆ ಪಾಲು ಬೆಲೆಗೆ ಸಿಕ್ಕಿತೆಂದು ಕೊಳ್ಳುವವನು ಖುಷಿಪಡುತ್ತಾನೆ. ಆದರೆ ಟ್ರೇ ಬಾಳುವ ಕಾಲವೇ ಬೇರೆ, ಆ್ಯಪ್ ಬಾಳುವ ಕಾಲವೇ ಬೇರೆ. ಕಂಚಿನ ಪಾತ್ರೆಯನ್ನೂ ಅದರೊಳಗಿನ ಹಾಲನ್ನೂ ಒಂದೇ ಬೆಲೆಪಟ್ಟಿ ಹಾಕಿ ಮಾರುವ ವ್ಯಾಪಾರ ಇದು. ಹಾಲು ಕೆಟ್ಟ ಮೇಲೂ ಪಾತ್ರೆ ಉಳಿಯುತ್ತದಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಹಾಲು ಪಾತ್ರೆಯನ್ನೂ ಕೆಡಿಸಿದ ಪ್ರಸಂಗವೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಡಿಸ್ಕಿನ ಚಿತ್ರ ಮೇಲೋ ಸ್ಟ್ರೀಮಿಂಗಿನದೋ ಎಂಬ ಜಗಳಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ. 4ಕೆ ಡಿಸ್ಕಿನಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಹರಿಯಬಹುದು. 4ಕೆ ನೋಡಲು 15 ಮೆಗಾಬಿಟ್ ವೇಗದ ಸಂಪರ್ಕ ಸಾಕೆಂದು ನೆಟ್‌ಫ್ಲಿಕ್ಸೇ ಹೇಳುತ್ತದೆ. ಡಿಸ್ಕಿನ ಟ್ರೂಎಚ್‌ಡಿ ಧ್ವನಿಯಲ್ಲಿ ಏನೂ ಕಳೆದಿರುವುದಿಲ್ಲ. ನೆಟ್‌ಫ್ಲಿಕ್ಸಿನ ಆಟ್ಮಾಸ್ ಸೆಕೆಂಡಿಗೆ 768 ಕಿಲೊಬಿಟ್ಟಿಗೆ ನಿಲ್ಲುತ್ತದೆ. ಒಳ್ಳೆಯ ಸ್ಪೀಕರ್ ಇಟ್ಟುಕೊಂಡವರ ಕಿವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಜೋಡಿ ಹೇಗೆ ಕೂಡಿತು ಎಂಬುದನ್ನು ಮಾತ್ರ ನೆನಪಿಸಿಕೊಳ್ಳಬೇಕು. ಬ್ಲೂರೇ ಡಿಸ್ಕಿನ ಜೊತೆ ಅಂತರಜಾಲದಿಂದ ಹೆಚ್ಚುವರಿ ದೃಶ್ಯಗಳನ್ನು ತರಿಸುವ ಬಿಡಿ-ಲೈವ್ ಎಂಬ ಸೌಲಭ್ಯವಿತ್ತು. ಅದಕ್ಕಾಗಿ ಪ್ಲೇಯರಿನಲ್ಲಿ ನೆಟ್‌ವರ್ಕ್ ಕಿಂಡಿಯೂ 1 ಜಿಬಿ ಜಾಗವೂ ಇರಬೇಕೆಂಬ ನಿಯಮವಿತ್ತು. ಬಿಡಿ-ಲೈವನ್ನು ಯಾರೂ ಕೇಳಲಿಲ್ಲ, ಕಿಂಡಿ ಉಳಿಯಿತು. ತೆರೆದೇ ಇದ್ದ ಆ ಬಾಗಿಲಿನಿಂದ 2008ರಲ್ಲಿ ಎಲ್‌ಜಿಯ ಬಿಡಿ300 ಮೂಲಕ ನೆಟ್‌ಫ್ಲಿಕ್ಸ್ ಒಳಗೆ ಬಂತು. ಅದೇ ವರ್ಷ ರೋಕು ಕಂಪನಿ ನೆಟ್‌ಫ್ಲಿಕ್ಸಿಗೆಂದೇ ಮಾಡಿದ ಪುಟ್ಟ ಡಬ್ಬಿಯನ್ನು ಸುಮಾರು 100 ಡಾಲರಿಗೆ ಮಾರುತ್ತಿತ್ತು ಎಂಬುದನ್ನು ಆಗಿನ ಉತ್ಸಾಹದಲ್ಲಿ ಬಹಳ ಜನ ಗಮನಕ್ಕೆ ತಂದುಕೊಳ್ಳಲಿಲ್ಲ. ಮರುವರ್ಷ ಇನ್ನೂ ತಮಾಷೆ ನಡೆಯಿತು. ಪ್ಲೇಸ್ಟೇಷನ್ 3ರಲ್ಲಿ ನೆಟ್‌ಫ್ಲಿಕ್ಸ್ ನೋಡಬೇಕಾದರೆ ಮೊದಲು ನೆಟ್‌ಫ್ಲಿಕ್ಸ್ ಕಳಿಸಿದ ಬ್ಲೂರೇ ಡಿಸ್ಕೊಂದನ್ನು ಒಳಗೆ ಹಾಕಬೇಕಿತ್ತು! ಡಿಸ್ಕ್ ಬೇಡವೆನ್ನಲು ಡಿಸ್ಕ್ ಬೇಕು. 2010ರ ಅಕ್ಟೋಬರಿನವರೆಗೂ ಹೀಗೇ ನಡೆಯಿತು.

ಈಗ ಎಕ್ಸ್700ರ ಒಂದೇ ಒಂದು ಸೆಟ್ಟಿಂಗಿನ ಮುಂದೆ ಸ್ವಲ್ಪ ಹೊತ್ತು ಕೂರೋಣ. ಅದರ ಹೆಸರು ಡಾಲ್ಬಿ ವಿಷನ್. ಎದುರಿಗೆ ಎರಡು ಆಯ್ಕೆ: ಆನ್, ಆಫ್.

ಎಚ್‌ಡಿಆರ್ ಇರುವ 4ಕೆ ಡಿಸ್ಕುಗಳಲ್ಲಿ ಬುನಾದಿಯಾಗಿ ಎಚ್‌ಡಿಆರ್10 ಇರುತ್ತದೆ. ಕೆಲವು ಡಿಸ್ಕುಗಳಲ್ಲಿ ಅದರ ಮೇಲೆ ಡಾಲ್ಬಿ ವಿಷನ್ ಎಂಬ ಇನ್ನೊಂದು ಪದರ. ಯಾವ ದೃಶ್ಯ ಎಷ್ಟು ಬೆಳಗಬೇಕು, ಎಷ್ಟು ಕಪ್ಪಾಗಬೇಕು ಎಂದು ಟಿವಿಗೆ ದೃಶ್ಯದಿಂದ ದೃಶ್ಯಕ್ಕೆ ಹೇಳಿಕೊಡುವುದು ಆ ಪದರದ ಕೆಲಸ. ಪದರ ಇದೆಯೋ ಇಲ್ಲವೋ ಎಂಬುದು ಡಿಸ್ಕಿನಲ್ಲೇ ಬರೆದಿರುತ್ತದೆ, ಅದೂ ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ. ಪ್ಯಾನಸಾನಿಕ್‌ನ ಡಿಪಿ-ಯುಬಿ820 ಅದನ್ನು ತಾನೇ ಓದಿಕೊಂಡು ತಕ್ಕಂತೆ ಬದಲಾಗುತ್ತದೆ. ಎಕ್ಸ್700 ಬದಲಾಗುವುದಿಲ್ಲ. ಸ್ವಿಚ್ಚು ಆಫ್ ಆಗಿದ್ದರೆ ಡಾಲ್ಬಿ ವಿಷನ್ ಡಿಸ್ಕನ್ನೂ ಬರೇ ಎಚ್‌ಡಿಆರ್10 ಎಂದು ತೋರಿಸುತ್ತದೆ. ಆನ್ ಆಗಿದ್ದರೆ ಎಚ್‌ಡಿಆರ್10 ಡಿಸ್ಕಿಗೂ ಡಾಲ್ಬಿ ವಿಷನ್ ವೇಷ ತೊಡಿಸಿ ಟಿವಿಗೆ ಕಳಿಸುತ್ತದೆ. ಹಾಗಾಗಿ ಸಿನಿಮಾ ಹಾಕುವ ಮುಂಚೆ ಮನೆಯ ಯಜಮಾನ ಕನ್ನಡಕ ಏರಿಸಿ, ಡಿಸ್ಕ್ ಡಬ್ಬಿಯ ಬೆನ್ನಿನ ಮೇಲಿರುವ ಪುಟಾಣಿ ಲಾಂಛನಗಳಲ್ಲಿ ಡಾಲ್ಬಿಯದನ್ನು ಹುಡುಕಿ, ಸೆಟ್ಟಿಂಗ್ಸಿಗೆ ಹೋಗಿ, ಸ್ಕ್ರೀನ್ ಸೆಟ್ಟಿಂಗ್ ತೆರೆದು, ಆನ್ ಒತ್ತಿ, ಹಿಂದೆ ಬಂದು, ಆಮೇಲೆ ದೀಪ ಆರಿಸಬೇಕು. ಮರುದಿನ ಬೇರೆ ಡಿಸ್ಕು, ಮತ್ತೆ ಅದೇ ಪೂಜೆ.

ವಿಮರ್ಶೆಗಳಲ್ಲಿ ಇದಕ್ಕೆ ಸಿಕ್ಕಿರುವುದು ಸಾಮಾನ್ಯವಾಗಿ ಒಂದು ಸಾಲು: ‘ಸ್ವಲ್ಪ ಕಿರಿಕಿರಿ’. ನನಗಿದು ಯಂತ್ರದ ಜಾತಕವೇ ಎನಿಸುತ್ತದೆ. ಪ್ಲೇಯರಿನ ಕಸುಬು ಏನು? ಡಿಸ್ಕಿನಲ್ಲಿ ಬರೆದದ್ದನ್ನು ಓದುವುದು. ಆ ಓದಿನ ಒಂದು ಭಾಗವನ್ನು ಯಂತ್ರ ನೋಡುಗನ ತಲೆಗೆ ಕಟ್ಟಿದೆ. ಗ್ರಂಥಪಾಲಕನೇ ಓದುಗನ ಕೈಗೆ ಪುಸ್ತಕ ಕೊಟ್ಟು ‘ಇದು ಯಾವ ಭಾಷೆಯದು, ನೋಡಿ ಹೇಳಿ’ ಎಂದ ಹಾಗಾಯಿತು.

ಈಗ ರಿಮೋಟನ್ನು ಕೈಗೆ ತೆಗೆದುಕೊಳ್ಳಿ. ಡಾಲ್ಬಿ ವಿಷನ್ನಿಗೆ ಗುಂಡಿಯಿಲ್ಲ. ನೆಟ್‌ಫ್ಲಿಕ್ಸಿಗೆ ಇದೆ. ರಿಮೋಟುಗಳ ಮೇಲೆ ತನಗೆಂದೇ ಒಂದು ಗುಂಡಿ ಬರಲಿದೆ ಎಂದು ನೆಟ್‌ಫ್ಲಿಕ್ಸ್ 2011ರ ಜನವರಿಯಲ್ಲಿ ಸಾರಿತ್ತು. ಅಂದಿನಿಂದ ಅದು ಡಿಸ್ಕ್ ಪ್ಲೇಯರುಗಳ ರಿಮೋಟಿನಲ್ಲೂ ಠಿಕಾಣಿ ಹೂಡಿದೆ. ಒಂದು ಒತ್ತಿಗೆ ಅತಿಥಿ ಹಾಜರು. ಮನೆಯವರನ್ನು ಕರೆಯಲು ನಾಲ್ಕು ಬಾಗಿಲು ದಾಟಬೇಕು. ಯಂತ್ರದ ಮುಖದಲ್ಲಿ ಎಷ್ಟನೇ ನಿಮಿಷ ಓಡುತ್ತಿದೆ ಎಂದು ತೋರಿಸುವ ಪುಟ್ಟ ಪರದೆಯೂ ಇಲ್ಲ. ಖರ್ಚು ಉಳಿಸಲು ಅದನ್ನು ಕೈಬಿಟ್ಟಿರಬೇಕು. ಗುಂಡಿಗೆ ಮಾತ್ರ ಜಾಗ ಸಿಕ್ಕಿದೆ. ವಿನ್ಯಾಸ ಮಾಡಿದವರ ಗಮನ ಯಾವ ಕಡೆಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವಲ್ಲ, ಇಲ್ಲಿ ರೈತ ಕೋಣನ ಹಿಂದೆಯೇ ಹೋಗಿದ್ದಾನೆ.

ಇಷ್ಟೆಲ್ಲ ಆದ ಮೇಲೂ ಹೊಗಳಿಕೆ ಯಾಕೆ ನಿಂತಿಲ್ಲ? ಇಲ್ಲಿ ನನ್ನ ಜಗಳ ಯಂತ್ರಕ್ಕಿಂತ ಹೆಚ್ಚಾಗಿ ವಿಮರ್ಶಕರ ಜೊತೆ. ಗ್ಯಾಜೆಟ್ ವಿಮರ್ಶೆ ಬರೆಯುವವರು ಯಂತ್ರವನ್ನು ಒಂದೆರಡು ವಾರ ಇಟ್ಟುಕೊಳ್ಳುತ್ತಾರೆ. ಮದುವೆಮನೆಯ ಊಟ ಉಂಡು ಬಂದು ಸಂಸಾರದ ಬಗ್ಗೆ ತೀರ್ಪು ಬರೆಯುತ್ತಾರೆ. ಮೊದಲ ವಾರದಲ್ಲಿ ಆ್ಯಪುಗಳೆಲ್ಲ ತೆರೆಯುತ್ತವೆ, ಆದ್ದರಿಂದ ಪಟ್ಟಿಯಲ್ಲಿ ಅವಕ್ಕೆಲ್ಲ ಸರಿ ಗುರುತು ಬೀಳುತ್ತದೆ. ಐದನೆಯ ವರ್ಷದಲ್ಲಿ ಆ ಪಟ್ಟಿಯನ್ನು ಹಿಡಿದು ಮತ್ತೆ ಪರೀಕ್ಷೆ ಮಾಡಿದ ವಿಮರ್ಶಕನನ್ನು ನಾನು ಕಂಡಿಲ್ಲ. 2015ರ ಏಪ್ರಿಲಿನಲ್ಲಿ ಯೂಟ್ಯೂಬ್ ತನ್ನ ಹಳೆಯ ಒಳವ್ಯವಸ್ಥೆಯನ್ನು ನಿಲ್ಲಿಸಿದಾಗ 2012ರ ಹಾಗೂ ಅದಕ್ಕೂ ಹಿಂದಿನ ಎಷ್ಟೋ ಟಿವಿ, ಬ್ಲೂರೇ ಪ್ಲೇಯರುಗಳಲ್ಲಿ ಆ ಆ್ಯಪ್ ಸತ್ತಿತು. ಅವೇ ಯಂತ್ರಗಳಿಗೆ ಯೂಟ್ಯೂಬ್ ಇದೆಯೆಂದು ಅಂಕ ಕೊಟ್ಟವರು ಆ ಅಂಕವನ್ನು ವಾಪಸು ಪಡೆದರೇ?

ಇದಕ್ಕಿಂತ ದೊಡ್ಡ ಅನ್ಯಾಯ ಒಪ್ಪೋ ಕಂಪನಿಗೆ ಆಯಿತು. ಅದರ ಬಿಡಿಪಿ-103ರಲ್ಲಿ ನೆಟ್‌ಫ್ಲಿಕ್ಸ್, ವೂಡು ಎಲ್ಲ ಇದ್ದವು. 2016ರ ಕೊನೆಗೆ ಬಂದ 4ಕೆ ಪ್ಲೇಯರ್ ಯುಡಿಪಿ-203ರಿಂದ ಕಂಪನಿ ಆ್ಯಪುಗಳನ್ನೆಲ್ಲ ಇಳಿಸಿಬಿಟ್ಟಿತು. ಆ್ಯಪ್ ಬೇಕಾದವರ ಟಿವಿಯಲ್ಲಿ ಅದು ಇದ್ದೇ ಇದೆ, ನಾವು ಡಿಸ್ಕ್ ಓದುತ್ತೇವೆ ಎಂಬ ನೇರ ನಿಲುವು. ವಿಮರ್ಶೆಗಳ ‘ಕೊರತೆ’ ಎಂಬ ಪಟ್ಟಿಯಲ್ಲಿ ಇದೇ ಮೊದಲ ಸಾಲಾಯಿತು. 2018ರಲ್ಲಿ ಒಪ್ಪೋ ಪ್ಲೇಯರ್ ತಯಾರಿಕೆಯಿಂದಲೇ ಹಿಂದೆ ಸರಿದ ಮೇಲೆ ಅದೇ ಯಂತ್ರ ಹಳೆಯ ಮಾಲಿನ ಸಂತೆಯಲ್ಲಿ ಬೇಡಿಕೆಯದಾಯಿತು. ಅದನ್ನು ಹುಡುಕಿಕೊಂಡು ಹೋದವರು ಆ್ಯಪ್ ಇಲ್ಲವೆಂದು ಅಳಲಿಲ್ಲ. ಈಚೆಗೆ ಸೋನಿ ಕೂಡ ಎಕ್ಸ್700ರ ಹೊಸ ಆವೃತ್ತಿಯಿಂದ ಸ್ಟ್ರೀಮಿಂಗನ್ನು ಕಿತ್ತುಹಾಕಿದೆ. ಸೋನಿಯೇ ಒಪ್ಪಿಕೊಂಡ ಮೇಲೂ ಒಪ್ಪದವರು ಅಂಕ ಕೊಟ್ಟವರು ಮಾತ್ರ.

ಹಾಗೆಂದು ಇನ್ನೊಂದು ಪಕ್ಷದ ಮಡಿವಂತರ ಜೊತೆಗೂ ನಾನು ಪಂಕ್ತಿಯಲ್ಲಿ ಕೂರಲಾರೆ. ಡಿಸ್ಕ್ ಕೊಂಡರೆ ಅದು ಎಂದೆಂದಿಗೂ ನನ್ನದು, ಸ್ಟ್ರೀಮಿಂಗ್ ಮೈಲಿಗೆ ಎನ್ನುವ ಗುಂಪು ಅದು. ಡಿಸ್ಕುಗಳ ಮೇಲೂ ಕಳ್ಳನಕಲು ತಡೆಯುವ ಬೀಗವಿದೆ, ಹೊಸ ಡಿಸ್ಕಿಗೆ ಹೊಸ ಬೀಗದ ಕೈ ಬೇಕಾಗಬಹುದು, ಅದನ್ನು ಕೊಡುವುದು ಕಂಪನಿಯ ಫರ್ಮ್‌ವೇರ್. ಕಂಪನಿ ಅಂಗಡಿ ಮುಚ್ಚಿದರೆ ಕೈ ಬರುವುದೂ ನಿಲ್ಲುತ್ತದೆ. ಮಡಿ ಅಷ್ಟು ಗಟ್ಟಿಯಾದುದೇನಲ್ಲ.

ಹಾಲು ಪಾತ್ರೆ ಕೆಡಿಸಿದ ಪ್ರಸಂಗಕ್ಕೆ ಬರುತ್ತೇನೆ. 2020ರ ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಅನೇಕ ಬ್ಲೂರೇ ಪ್ಲೇಯರುಗಳೂ ಹೋಂ ಥಿಯೇಟರುಗಳೂ ಬೇರೆ ಬೇರೆ ದೇಶಗಳಲ್ಲಿ ಏಕಕಾಲಕ್ಕೆ ಹುಚ್ಚು ಹಿಡಿದವರಂತೆ ಆಡತೊಡಗಿದವು. ಆನ್ ಆಗುವುದು, ತಾನಾಗಿ ಆಫ್ ಆಗುವುದು, ಮತ್ತೆ ಆನ್ ಆಗುವುದು. ಬಳಕೆಯ ದಾಖಲೆಯನ್ನು ಹೇಗೆ ಇಡಬೇಕೆಂದು ತಿಳಿಸುವ ಒಂದು ಪುಟ್ಟ ಕಡತ ಜಾಲದಿಂದ ಇಳಿದಿತ್ತು. ಅದನ್ನು ಓದಲು ಹೋಗಿ ಯಂತ್ರ ಕುಸಿಯುತ್ತದೆ, ಎದ್ದ ಕೂಡಲೇ ಮತ್ತೆ ಅದನ್ನೇ ಓದುತ್ತದೆ ಎಂದು ಬಿಚ್ಚಿ ನೋಡಿದ ತಂತ್ರಜ್ಞರು ಹೇಳಿದರು. ಕೊನೆಗೆ ಯಂತ್ರಗಳನ್ನು ಅಂಚೆಯಲ್ಲಿ ಕಳಿಸಿ, ಉಚಿತವಾಗಿ ರಿಪೇರಿ ಮಾಡಿಕೊಡುತ್ತೇವೆ ಎಂದು ಕಂಪನಿ ಹೇಳಬೇಕಾಯಿತು. ಟ್ರೇಗೆ ಏನೂ ಆಗಿರಲಿಲ್ಲ, ಲೇಸರಿಗೂ ಏನೂ ಆಗಿರಲಿಲ್ಲ. ಆದರೂ ಮನೆಯ ಕಪಾಟಿನಲ್ಲಿದ್ದ ಸ್ವಂತ ಡಿಸ್ಕನ್ನು ನೋಡುವ ಹಾಗಿರಲಿಲ್ಲ. ಆ್ಯಪ್ ಸತ್ತರೆ ಸಾಯಲಿ ಬಿಡಿ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಜೋಡಿಗೆ ಸಲ್ಲಬೇಕಾದ ಮೆಚ್ಚುಗೆಯೂ ಒಂದಿದೆ, ಅದನ್ನು ಹೇಳಿಬಿಡುತ್ತೇನೆ. ಟಿವಿಯ ಧ್ವನಿಯನ್ನು ಅದೇ ಎಚ್‌ಡಿಎಂಐ ತಂತಿಯಲ್ಲಿ ರಿಸೀವರಿಗೆ ಮರಳಿ ಕಳಿಸುವ ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರ ಜೊತೆಗೆ, ಮನೆಮನೆ ತಲುಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟರವರೆಗೆ ಪ್ಲೇಯರಿನೊಳಗಿನ ಆ್ಯಪ್ ಒಂದೇ ತಂತಿಯಲ್ಲಿ ಚಿತ್ರವನ್ನೂ ಧ್ವನಿಯನ್ನೂ ನೇರ ರಿಸೀವರಿಗೆ ಮುಟ್ಟಿಸುತ್ತಿತ್ತು. ಅದು ನಿಜವಾದ ಉಪಕಾರ. ಆದರೆ ಅದರ ಕಾಲ ಮುಗಿದಿದೆ.

ನಮ್ಮ ಮನೆಯಲ್ಲೂ ಇಂಥದೊಂದು ಜೋಡಿ ಇದೆ, ಕಂಪನಿಯ ಹೆಸರು ಬೇಡ. 2011ರಲ್ಲಿ ಅಮೆರಿಕದ ನನ್ನ ಷಡ್ಡಕರು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದದ್ದು. 110 ವೋಲ್ಟಿನ ಯಂತ್ರವಾದ್ದರಿಂದ ಅದರ ಪಕ್ಕ ಅದಕ್ಕಿಂತ ಭಾರದ ಟ್ರಾನ್ಸ್‌ಫಾರ್ಮರ್ ಕೂತಿದೆ. ಅಮೆರಿಕ ಬ್ಲೂರೇ ಲೆಕ್ಕದಲ್ಲಿ ಎ ವಲಯ, ನಾವು ಸಿ. ಇಲ್ಲಿ ಕೊಂಡ ವಲಯದ ಬೀಗವಿರುವ ಬ್ಲೂರೇ ಅದರಲ್ಲಿ ಓಡದು. 4ಕೆ ಡಿಸ್ಕಿಗೆ ಈ ಬೀಗವಿಲ್ಲ, ಆದರೆ ಯಂತ್ರ 4ಕೆ ಕಾಲದ್ದಲ್ಲ. ಮೆನುವಿನಲ್ಲಿ ಏಳು ಆ್ಯಪುಗಳ ಚಿತ್ರಗಳು ಈಗಲೂ ಮಿನುಗುತ್ತವೆ, ಒಂದೂ ತೆರೆಯುವುದಿಲ್ಲ. ಟ್ರೇ ಮಾತ್ರ ಕರೆದಾಗಲೆಲ್ಲ ಹೊರಗೆ ಬರುತ್ತದೆ. ನಮ್ಮ ಸಿನಿಮಾಗಳ ಡಿವಿಡಿಗಳಲ್ಲಿ ಬಹುಪಾಲು ವಲಯದ ಬೀಗವಿಲ್ಲದವು. ಅವನ್ನು ತಕರಾರಿಲ್ಲದೆ ತಿನ್ನುತ್ತದೆ.

ಕನ್ನಡದ ಮನೆಗೆ ಪ್ಲೇಯರ್ ಆರಿಸುವ ಅಳತೆಗೋಲು ಅಲ್ಲಿದೆ ಎಂದು ನನ್ನ ನಂಬಿಕೆ. ಹೊಸ ಸಿನಿಮಾಕ್ಕೆ ಟಿವಿಯಲ್ಲೇ ಆ್ಯಪ್ ಇದೆ, ಇಲ್ಲದಿದ್ದರೆ ಕೆಲವು ಸಾವಿರಕ್ಕೆ ಒಂದು ಸ್ಟ್ರೀಮಿಂಗ್ ಕಡ್ಡಿ ಸಿಗುತ್ತದೆ, ಕೆಟ್ಟರೆ ಬದಲಿಸಬಹುದು. ನಮ್ಮ ಕಪಾಟಿನಲ್ಲಿರುವುದು 4ಕೆ ಡಿಸ್ಕುಗಳಿಗಿಂತ ಹೆಚ್ಚಾಗಿ ಹಳೆಯ ಡಿವಿಡಿ, ವಿಸಿಡಿಗಳು. ಎಷ್ಟೋ ಡಿವಿಡಿಗಳ ಚಿತ್ರ ನಾಲ್ಕೂ ಕಡೆ ಕಪ್ಪು ಚೌಕಟ್ಟಿನ ನಡುವೆ ಅಂಚೆಚೀಟಿಯಂತೆ ಕೂತಿರುತ್ತದೆ. ಅಂಥದ್ದನ್ನು ಹಿಗ್ಗಿಸಿ ಕಣ್ಣಿಗೆ ಹಿತವಾಗಿಸುತ್ತದೆಯೇ, ಗೀಚಿದ ಜಾಗ ಬಂದಾಗ ಹೆಪ್ಪುಗಟ್ಟಿ ನಿಲ್ಲುತ್ತದೆಯೇ ಇಲ್ಲವೇ ದಾಟಿಕೊಂಡು ಹೋಗುತ್ತದೆಯೇ, ವಿಸಿಡಿ ಕಂಡರೆ ಮುಖ ತಿರುಗಿಸುತ್ತದೆಯೇ? ಈ ಮೂರು ಪ್ರಶ್ನೆಗೆ ಉತ್ತರ ಕೊಟ್ಟ ವಿಮರ್ಶೆ ನಾನು ಓದಿಲ್ಲ. ಫರ್ಮ್‌ವೇರನ್ನು ಪೆನ್‌ಡ್ರೈವಿನಿಂದ ಹಾಕಲು ಆಗುತ್ತದೆಯೇ ಎಂಬುದನ್ನು ನಾಲ್ಕನೆಯದಾಗಿ ಸೇರಿಸಿಕೊಳ್ಳಿ. ಆಗುವುದಾದರೆ ನೆಟ್‌ವರ್ಕ್ ತಂತಿಯನ್ನು ಸಿಕ್ಕಿಸಲೇಬೇಡಿ.

ಅಂಗಡಿಗೆ ಹೋಗುವಾಗ ಆ್ಯಪುಗಳ ಪಟ್ಟಿ ಮನೆಯಲ್ಲೇ ಇರಲಿ. ಕಪಾಟಿನಲ್ಲಿ ಅತ್ಯಂತ ಗೀಚಿಹೋದ ಡಿವಿಡಿ ಯಾವುದೋ ಅದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅಂಗಡಿಯವನು ನೆಟ್‌ಫ್ಲಿಕ್ಸ್ ಗುಂಡಿ ಒತ್ತಿ ತೋರಿಸುವ ಮೊದಲೇ ಟ್ರೇ ತೆರೆಯಲು ಹೇಳಿ.