ಸರ್ಪಿಣಿ, ರಾಣಿ, ಮಾತಂಗಿ: ಕಿರುತೆರೆಯ ಅತಿಮಾನುಷ ನಾಯಕಿಯರನ್ನು ಕುರಿತು

ಕನ್ನಡ ಕಿರುತೆರೆಯ ಅತಿಮಾನುಷ ಧಾರಾವಾಹಿಗಳನ್ನು ಜಾನಪದ ಮೂಲದವು ಎಂದು ಕರೆಯುವುದು ರೂಢಿಯಾಗಿದೆ. ಈ ಮಾತನ್ನು ಪರಿಶೀಲಿಸದೆ ಒಪ್ಪುವಂತಿಲ್ಲ. 2016ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ನಾಗಿಣಿ’ಯನ್ನೇ ಗಮನಿಸಬಹುದು. ದೀಪಿಕಾ ದಾಸ್ ಅಭಿನಯಿಸಿದ ಅಮೃತಾ ಬೇಕಾದ ರೂಪ ತಾಳಬಲ್ಲ ಸರ್ಪಿಣಿ. ಸೇಡಿಗಾಗಿ ಮನುಷ್ಯರ ಮನೆ ಹೊಕ್ಕವಳು. ಅತ್ತೆಯ ಮನೆಯಲ್ಲಿ ಕಣ್ಣೀರಿಡುವ ಸೊಸೆಯನ್ನೇ ಕಂಡು ಬೇಸತ್ತಿದ್ದ ಪ್ರೇಕ್ಷಕವರ್ಗಕ್ಕೆ ಹೆದರಿಸಬಲ್ಲ ಹೆಣ್ಣೊಬ್ಬಳು ದೊರೆತದ್ದು ಸಣ್ಣ ಸಂಗತಿಯಲ್ಲ. ವಿದ್ವಾಂಸರು ಇದನ್ನು ಮೌಢ್ಯವೆಂದಷ್ಟೇ ಕರೆದು ಕೈತೊಳೆದುಕೊಳ್ಳುವುದು ಸುಲಭದ ದಾರಿ.

ಆದರೆ ಈಕೆಯ ವಂಶಾವಳಿ ಯಾವುದು? 1976ರ ‘ನಾಗಿನ್’, 1986ರ ‘ನಗೀನಾ’ ಎಂಬ ಹಿಂದಿ ಚಿತ್ರಗಳು, 2015ರ ಹಿಂದಿ ಧಾರಾವಾಹಿ ‘ನಾಗಿನ್’. ನಮ್ಮ ಕಥೆ ಬೇರೆಯೇ ಇದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ಬರೆದ ‘ನಾಗಮಂಡಲ’ದಲ್ಲಿ ಹಾವು ಗಂಡು, ಹೆಣ್ಣು ಕೇವಲ ಮನುಷ್ಯಳು. ರಾಣಿಗೆ ಮಾಯೆಯಿಲ್ಲ, ವಿಷವಿಲ್ಲ. ತನ್ನ ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ನಾಗದಿವ್ಯದಲ್ಲಿ ಅವಳು ಆಡುವ ಮಾತು ಅಕ್ಷರಶಃ ನಿಜ. ಆ ನಿಜದ ಒಳಗೇ ಅವಳ ಬಿಡುಗಡೆಯೂ ಅಡಗಿದೆ. ಸೇಡಿನ ಸರ್ಪಿಣಿಗೆ ಇಂಥ ಮಾತಿನ ಅಗತ್ಯವೇ ಬೀಳುವುದಿಲ್ಲ. ಗ್ರಾಫಿಕ್ಸ್ ಅವಳ ಪರವಾಗಿ ಮಾತನಾಡುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ, ಉತ್ತರ ಕರ್ನಾಟಕದ ಉಳಿದೆಡೆಗಳಂತೆಯೇ, ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದವಳು ಜೋಕಾಲಿ ಜೀಕುತ್ತಾಳೆ. ದೇವರ ಪಾಲು, ತಾಯಿಯ ಪಾಲು, ಅಣ್ಣತಮ್ಮಂದಿರ ಪಾಲು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹಾಲೆರೆಯುತ್ತಾಳೆ. ಇಲ್ಲಿ ನಾಗ ಹಗೆಯಲ್ಲ, ರಕ್ತಸಂಬಂಧಕ್ಕೆ ಸಾಕ್ಷಿ. ತವರಿನ ಮೇಲಿನ ಹಕ್ಕನ್ನು ಹೆಣ್ಣು ವರ್ಷಕ್ಕೊಮ್ಮೆ ಬಾಯಿಬಿಟ್ಟು ಹೇಳಿಕೊಳ್ಳುವ ಈ ಆಚರಣೆಯ ಸುಳಿವು ‘ನಾಗಿಣಿ’ಯ ಕಥನದಲ್ಲಿ ಕಾಣದು. ಅದರ ಶಕ್ತಿಯೆಲ್ಲ ಗಂಡನ ಮನೆಯ ಗೋಡೆಗಳ ನಡುವೆ ವ್ಯಯವಾಗುತ್ತದೆ.

2022ರಲ್ಲಿ ಸ್ಟಾರ್ ಸುವರ್ಣದಲ್ಲಿ ಬಂದ ‘ಉಧೋ ಉಧೋ ಶ್ರೀ ರೇಣುಕಾ ಯಲ್ಲಮ್ಮ’ ಇನ್ನೂ ಗಹನವಾದ ಪ್ರಶ್ನೆಯನ್ನು ಎತ್ತುತ್ತದೆ. ಯಲ್ಲಮ್ಮನ ಕಥೆಯನ್ನು ತಲೆಮಾರುಗಳಿಂದ ಕಾಪಾಡಿದವರು ಚೌಡಿಕೆ ಹಿಡಿದ ಜೋಗತಿಯರು, ಜೋಗಪ್ಪಗಳು. ಅವರಲ್ಲಿ ಅನೇಕರು ದೇವಿಗೆ ‘ಬಿಡಲ್ಪಟ್ಟವರು’. ಕಲ್ಯಾಣ ಕರ್ನಾಟಕ ಈ ಪದ್ಧತಿಯ ನೋವನ್ನು ಬಲ್ಲದು. ಅದನ್ನು ನಿಷೇಧಿಸಲು ರಾಜ್ಯವು 1982ರಲ್ಲಿ ಕಾಯಿದೆ ರೂಪಿಸಬೇಕಾಯಿತು. ದೇವಿಯ ಬಲವನ್ನು ಹಾಡಿದವಳು ಸ್ವತಃ ನಿರ್ಬಲಳಾಗಿದ್ದಳೆಂಬ ಈ ವೈರುಧ್ಯವನ್ನು ಬದಿಗಿಟ್ಟು ಕಿರುತೆರೆಯ ದೇವಿಯನ್ನು ಸ್ತ್ರೀಶಕ್ತಿಯೆಂದು ಕೊಂಡಾಡುವುದು ಅರೆಬರೆಯ ವಿಮರ್ಶೆ. ಮೌಖಿಕ ಪಾಠಾಂತರಗಳಲ್ಲಿ ರೇಣುಕೆಯ ಜೊತೆಗೆ ಮಾತಂಗಿಯೂ ಇದ್ದಾಳೆ. ಮಗನ ಕೊಡಲಿಗೆ ಇಬ್ಬರ ರುಂಡಗಳೂ ಉರುಳಿ, ಮರುಜೀವದ ಗಡಿಬಿಡಿಯಲ್ಲಿ ಅದಲುಬದಲಾದವೆಂದು ಕೆಲವು ಪಾಠಗಳು ಹೇಳುತ್ತವೆ. ಋಷಿಪತ್ನಿಯ ಮುಂಡಕ್ಕೆ ಹೊಲಗೇರಿಯ ಹೆಣ್ಣಿನ ತಲೆ ಕೂಡುವ ಈ ಭಾಗಕ್ಕೆ ಎಷ್ಟು ಎಡೆ ದೊರೆಯುತ್ತದೆ ಎಂಬುದರ ಮೇಲೆ ಇಂಥ ಧಾರಾವಾಹಿಗಳ ಧೈರ್ಯವನ್ನು ಅಳೆಯಬೇಕಾಗಿದೆ.